ಯುದ್ಧಕಾಲದ ಭಯವನ್ನು ಕುಣಿಯುವಾಗ ಸೈರನ್ ಕೇಳಿಸಲೇಬೇಕೆ?

ಹೆಜ್ಜೆಗುರುತು (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ನಾವು ಆರು ಮಂದಿ ನರ್ತಕರು ಮತ್ತು ಶಬ್ದವನ್ನು ನೋಡಿಕೊಳ್ಳುವ ಒಬ್ಬ ಗೆಳೆಯ ಸೇರಿ ನಾಲ್ಕು ತಿಂಗಳಿಂದ ಬಸವನಗುಡಿಯ ಒಂದು ಹಳೆಯ ಮನೆಯ ಮಹಡಿಯಲ್ಲಿ ಐವತ್ತು ನಿಮಿಷದ ಪ್ರಯೋಗವೊಂದನ್ನು ಕಟ್ಟುತ್ತಿದ್ದೇವೆ. ಅದರಲ್ಲಿ ಕಥೆಯಿಲ್ಲ, ಯಾವ ದೇಶದ ಹೆಸರೂ ಇಲ್ಲ. ಬಾಂಬು ಬೀಳುವ ಊರಿನಲ್ಲಿ ಜನರು ಒಟ್ಟಿಗೆ ಹೇಗೆ ಹೆದರುತ್ತಾರೆ, ಆ ಹೆದರಿಕೆ ಅವರನ್ನು ಹೇಗೆ ಹತ್ತಿರ ತರುತ್ತದೆ ಅಥವಾ ಒಬ್ಬರ ಮೇಲೊಬ್ಬರಿಗೆ ಅನುಮಾನ ಹುಟ್ಟಿಸುತ್ತದೆ ಎಂಬುದನ್ನು ಮೈಯಿಂದ ಮತ್ತು ಸದ್ದಿನಿಂದ ತೋರಿಸಬೇಕೆಂಬುದು ನಮ್ಮ ಆಸೆ.

ಕಳೆದ ಶನಿವಾರ ಮೂವತ್ತು ಜನ ಪರಿಚಿತರನ್ನು ಕೂರಿಸಿಕೊಂಡು ಪೂರ್ತಿ ಪ್ರಯೋಗವನ್ನು ಒಮ್ಮೆ ಮಾಡಿದೆವು. ಏಳನೆಯ ನಿಮಿಷಕ್ಕೆ ವಾಯುದಾಳಿಯ ಸೈರನ್ ಕೂಗುತ್ತದೆ. ಅದು ಕೂಗಿದಾಗ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡು ಎದ್ದುಹೋದರು, ನಾಲ್ಕೈದು ಜನ ಫೋನು ತೆಗೆದು ಚಿತ್ರೀಕರಿಸತೊಡಗಿದರು, ಉಳಿದವರು ಸುಮ್ಮನೆ ಕುಳಿತಿದ್ದರು. 2025ರ ಮೇ 7ರಂದು ನಡೆದ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಯಲ್ಲಿ ಬೆಂಗಳೂರಿನ ಜನ ಇದೇ ಸದ್ದನ್ನು ಕೇಳಿದ್ದಾರೆ, ಹೆಚ್ಚಿನವರು ಆಗಲೂ ಫೋನು ತೆಗೆದಿದ್ದರು. ಹಾಗಾಗಿ ನಮ್ಮ ಸೈರನ್ನು ಭಯದ ಬದಲು ಆ ದಿನದ ನೆನಪನ್ನಷ್ಟೇ ತಂದಿತೇನೋ ಎಂಬ ಅಳುಕು ನನ್ನನ್ನು ಬಿಡುತ್ತಿಲ್ಲ.

ಇನ್ನೊಂದು ಕಾರಣವೂ ಇದೆ. ಜರ್ಮನಿಯ ನೃತ್ಯಸಂಯೋಜಕ ಕುರ್ಟ್ ಯೋಸ್ 1932ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ತೋರಿಸಿದ 'ಹಸಿರು ಮೇಜು' ನೃತ್ಯಕ್ಕೆ ಎರಡು ಪಿಯಾನೋಗಳಷ್ಟೇ ಸಂಗೀತ. ಮುಖವಾಡ ತೊಟ್ಟ ರಾಜತಂತ್ರಜ್ಞರು ಮೇಜಿನ ಸುತ್ತ ಬಳುಕಿ ಬಾಗಿ ವಾದಿಸುತ್ತಾರೆ, ಆಮೇಲೆ ಸಾವು ಎಂಬ ಪಾತ್ರ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗುತ್ತದೆ, ಕೊನೆಗೆ ಮತ್ತದೇ ಮೇಜು, ಅದೇ ಬಳುಕು. ಮರುವರ್ಷವೇ ತಂಡದಲ್ಲಿದ್ದ ಯಹೂದಿ ಸಂಗಾತಿಗಳನ್ನು ಹೊರಹಾಕಲು ಒಪ್ಪದೆ ಯೋಸ್ ಜರ್ಮನಿಯನ್ನು ಬಿಡಬೇಕಾಯಿತು. ತೋಪಿನ ಸದ್ದಿಲ್ಲದೆ ಅವರು ಅಷ್ಟನ್ನು ಹೇಳಿದ ಮೇಲೆ ನಮಗೆ ಸೈರನ್ನೇ ಏಕೆ ಬೇಕು? ನಿಮಗೆ ಏನನ್ನಿಸುತ್ತದೆ, ಬಿಚ್ಚಿ ಹೇಳಿ.

ಶಬ್ದಸಂಚಿ (ವಿಜಯನಗರ)

ನಾಟಕಗಳಿಗೆ ಶಬ್ದ ಮಾಡುವವನು ನಾನು, ಆದ್ದರಿಂದ ಮೊದಲು ಕಸುಬಿನ ಮಾತು. ನೀವು ಬಳಸಿದ ಸೈರನ್ ಮುಂದಿನ ಎರಡು ಸ್ಪೀಕರುಗಳಿಂದ ಬಂದಿರಬೇಕು. ಊರಿನ ಸೈರನ್ ಎಂದೂ ಎದುರಿನಿಂದ ಬರುವುದಿಲ್ಲ. ಅದು ಮಾಳಿಗೆಗಳ ಮೇಲಿಂದ, ಒಂದು ಕಡೆಯಿಂದ ಮೊದಲು, ಇನ್ನೊಂದು ಕಡೆಯಿಂದ ತುಸು ತಡವಾಗಿ, ಗೋಡೆಗಳಿಗೆ ಬಡಿದು ಮಸುಕಾಗಿ ಬರುತ್ತದೆ. ಯಾಂತ್ರಿಕ ಸೈರನ್ನಿನೊಳಗೆ ಸಂದುಗಳಿರುವ ಚಕ್ರವೊಂದು ತಿರುಗುತ್ತಾ ಗಾಳಿಯನ್ನು ತುಂಡು ತುಂಡಾಗಿ ಹೊರಗೆ ಬಿಡುತ್ತದೆ. ಚಕ್ರದ ವೇಗ ಏರಿದಂತೆ ಸ್ವರ ಏರುತ್ತದೆ, ವೇಗ ಕುಗ್ಗಿದಂತೆ ಸ್ವರ ಇಳಿಯುತ್ತದೆ. ಏರಿಳಿಯುವ ಕೂಗು ಅಪಾಯದ್ದು, ಒಂದೇ ಸಮನಾಗಿ ಎಳೆಯುವ ಕೂಗು ಅಪಾಯ ಕಳೆಯಿತೆಂದು ಹೇಳುವಂಥದ್ದು. ನಿಮ್ಮ ಪ್ರಯೋಗದಲ್ಲಿ ಎರಡನೆಯದು ಇದೆಯೇ?

ಎರಡನೆಯ ಮಾತು. ದೊಡ್ಡ ಸದ್ದು ಹಠಾತ್ತನೆ ಬಂದರೆ ಕಣ್ಣು ಮಿಟುಕುತ್ತದೆ, ಹೆಗಲು ಕಿವಿಯ ಕಡೆಗೆ ಏರುತ್ತದೆ. ಏನಾಯಿತೆಂದು ಬುದ್ಧಿಗೆ ತಿಳಿಯುವ ಮೊದಲೇ ಇದೆಲ್ಲ ನಡೆದುಹೋಗಿರುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಬೆಚ್ಚುವುದು ಎಂಬ ಮಾತು ಬೇರೆಯಾಗಿಯೇ ಇದೆ. ಬೆಚ್ಚಿಸುವುದು ಸುಲಭ, ಅಂಜಿಸುವುದು ಕಷ್ಟ. ನಾನೂ ಒಂದು ನಾಟಕದಲ್ಲಿ ಕಿವಿಗೆ ಕೇಳಿಸಿಯೂ ಕೇಳಿಸದಂಥ ತಗ್ಗು ಸ್ವರವನ್ನು ದೊಡ್ಡ ಸ್ಪೀಕರಿನಲ್ಲಿ ಬಿಟ್ಟು ಜನರ ಎದೆ ನಡುಗಿಸಿದ್ದೆ. ಚಪ್ಪಾಳೆ ಬಂತು, ನನಗೆ ಮಾತ್ರ ಇವತ್ತಿಗೂ ಅದು ಕಳ್ಳತನದಂತೆ ಕಾಣುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯ ಕಾಲದಲ್ಲಿ ರೇಡಿಯೋದಲ್ಲಿ ಕಾರ್ಯಕ್ರಮಗಳಿಲ್ಲದ ಹೊತ್ತಿನಲ್ಲಿ ತಾಳಯಂತ್ರದ ಟಿಕ್ ಟಿಕ್ ಸದ್ದನ್ನು ಬಿತ್ತರಿಸುತ್ತಿದ್ದರು. ನಿಧಾನವಾಗಿ ಬಡಿಯುತ್ತಿದ್ದರೆ ಸದ್ಯಕ್ಕೆ ಕ್ಷೇಮ, ಬಡಿತ ಚುರುಕಾದರೆ ದಾಳಿ. ಇಡೀ ಊರು ಒಂದೇ ಬಡಿತಕ್ಕೆ ಕಿವಿಗೊಟ್ಟು ಊಟ ಮಾಡುತ್ತಿತ್ತು, ಮಲಗುತ್ತಿತ್ತು. ಉಕ್ರೇನಿನಲ್ಲಿ 2022ರ ಮಾರ್ಚ್‌ನಿಂದ ದಿನವೂ ಬೆಳಿಗ್ಗೆ 9 ಗಂಟೆಗೆ ಒಂದು ನಿಮಿಷ ಮೌನ ಆಚರಿಸುತ್ತಾರೆ, ಅಲ್ಲಿಯೂ ಅದೇ ಟಿಕ್ ಟಿಕ್ ಕೇಳಿಸುತ್ತದೆ. ನೀವು ಸೈರನ್ ತೆಗೆದು ಒಂದು ಘಟದ ಮೇಲೆ ಬೆರಳ ತುದಿಯ ಬಡಿತವನ್ನಷ್ಟೇ ಇಟ್ಟು, ಲಯ ಯಾವಾಗ ಬದಲಾದೀತೆಂದು ನೋಡುಗರು ಕಾಯುವಂತೆ ಮಾಡಿ ನೋಡಿ.

ಚೆಂಡೆಪೆಟ್ಟು (ಮೂಲ ಕುಂದಾಪುರ, ಈಗ ಮಲ್ಲೇಶ್ವರ)

ಶಬ್ದಸಂಚಿಯವರ ಮಾತು ಸರಿಯೇ, ಆದರೆ ದೊಡ್ಡ ಸದ್ದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಬಯಲಿನಲ್ಲಿ ಚೆಂಡೆ ಏರುವಾಗ ಮೈ ನವಿರೇಳುವುದು ಕಳ್ಳತನದಿಂದಲ್ಲ. ತೊಡಕು ಇರುವುದು ಬೇರೆ ಕಡೆ. ನಮ್ಮ ಯಕ್ಷಗಾನದ ಆಟಗಳಲ್ಲಿ ಯುದ್ಧದ ಸದ್ದೆಲ್ಲ ವೀರಕ್ಕೆ ಮೀಸಲು. ಹೆದರಿದವನು ಬಂದನೆಂದರೆ ಅವನು ಹಾಸ್ಯಕ್ಕೆ. ಉತ್ತರ ಕುಮಾರ ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡುವಾಗ ನಾವೆಲ್ಲ ಬಿದ್ದು ಬಿದ್ದು ನಗುತ್ತೇವೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂದು ಗಾದೆಯನ್ನೂ ಮಾಡಿಟ್ಟಿದ್ದೇವೆ. ಆದರೆ ಅವನನ್ನು ಇನ್ನೊಂದು ರೀತಿಯಲ್ಲಿ ನೋಡಿ: ಅವನೊಬ್ಬ ಹುಡುಗ, ಎದುರಿಗೆ ಭೀಷ್ಮ ದ್ರೋಣ ಕರ್ಣರ ಸೈನ್ಯ, ಅವನು ಮಾಡಿದ್ದು ಆ ಜಾಗದಲ್ಲಿ ನಾನು ಮಾಡುತ್ತಿದ್ದುದನ್ನೇ. ಯಾವ ಭಾಗವತರಾದರೂ ಆ ಓಟವನ್ನು ನಗಿಸದೆ ಆಡಿಸಿದ್ದನ್ನು ನಾನು ಕಂಡಿಲ್ಲ.

ನಾಟ್ಯಶಾಸ್ತ್ರವು ಭಯಾನಕ ರಸಕ್ಕೆ ಕಪ್ಪು ಬಣ್ಣವನ್ನು, ಕಾಲನನ್ನು ಅಧಿದೇವತೆಯನ್ನಾಗಿ ಹೇಳುತ್ತದೆ. ಎಂಟು ಸಾತ್ತ್ವಿಕ ಭಾವಗಳಲ್ಲಿ ಮೊದಲನೆಯದು ಸ್ತಂಭ, ಮೈ ಮರಗಟ್ಟಿ ನಿಲ್ಲುವುದು. ಸ್ವರಭೇದ, ಕಂಪ, ಬಣ್ಣಗೆಡುವುದು, ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಅವೆಲ್ಲ ಒಬ್ಬ ಪಾತ್ರದ ಮೈಯಲ್ಲಿ ಕಾಣುವಂಥವು. ನೂರು ಜನ ಒಟ್ಟಿಗೆ ಮರಗಟ್ಟಿದರೆ ಅದನ್ನು ಕುಣಿಸುವುದು ಹೇಗೆ? ನಿಮ್ಮ ಪ್ರಯೋಗಕ್ಕೆ ನಿಜವಾಗಿ ಇರುವ ಸವಾಲು ಇದೇ ಎಂದು ನನಗೆ ತೋರುತ್ತದೆ, ಸೈರನ್ನಿನ ಚರ್ಚೆ ಆಮೇಲಿನದು.

ಅಲಾಯಿಕುಣಿ (ಗದಗ ಕಡೆಯವರು, ಯಲಹಂಕ)

ಚೆಂಡೆಪೆಟ್ಟು ಅವರು ಕೇಳಿದ್ದಕ್ಕೆ ನಮ್ಮ ಕಡೆ ಒಂದು ಉತ್ತರ ಇದೆ. ಮೊಹರಮ್ಮಿನಲ್ಲಿ ನಮ್ಮೂರಲ್ಲಿ ಮಸೀದಿಯ ಮುಂದೆ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಅದರ ಸುತ್ತ ಊರ ಗಂಡಸರು ಹೆಜ್ಜೆ ಹಾಕುತ್ತಾರೆ. ಕುಣಿ ಎಂದರೆ ಹೊಂಡವೂ ಹೌದು, ಕುಣಿಯುವುದೂ ಹೌದು. ಚಿಕ್ಕವನಿದ್ದಾಗ ಎರಡೂ ಒಂದೇ ಎಂದು ತಿಳಿದಿದ್ದೆ, ಈಗಲೂ ಬೇರೆ ಮಾಡಲು ಮನಸ್ಸಿಲ್ಲ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಹಬ್ಬ ನಡೆಯುತ್ತದೆ. ಹಾಡುವ ರಿವಾಯತ ಪದಗಳು 680ರ ಕರ್ಬಲಾ ಕಾಳಗದವು. ಆದರೆ ಅವುಗಳಲ್ಲಿ ಕತ್ತಿಯ ಖಣಿಖಣಿಗಿಂತ ನೀರಡಿಕೆ ಹೆಚ್ಚು. ನದಿ ಪಕ್ಕದಲ್ಲೇ ಹರಿಯುತ್ತಿದೆ, ಕೂಸುಗಳ ಗಂಟಲು ಒಣಗಿದೆ, ನೀರಿನ ದಾರಿಗೆ ಅಡ್ಡ ಸೈನ್ಯ ನಿಂತಿದೆ. ಅದನ್ನು ಹಾಡಿ ದಣಿದವರಿಗೆ ಊರವರು ಪಾನಕ ಕೊಡುತ್ತಾರೆ, ಮನೆಗಳಲ್ಲಿ ಚೊಂಗೆ ಮಾಡುತ್ತಾರೆ.

ಸಾವಿರದ ಮುನ್ನೂರು ವರ್ಷ ಹಿಂದಿನ, ಎಲ್ಲೋ ದೂರದ ಯುದ್ಧವೊಂದರ ಸಂಕಟವನ್ನು ಗದಗಿನ ಒಕ್ಕಲು ಮಗ ತನ್ನದೆಂದು ಕುಣಿಯಬಲ್ಲನಾದರೆ ಅದಕ್ಕೆ ದಾರಿ ಆ ನೀರಡಿಕೆಯೇ. ಬಾಂಬಿನ ಸದ್ದು ಬೆಂಗಳೂರಿನವರಿಗೆ ಗೊತ್ತಿಲ್ಲ. ಟ್ಯಾಂಕರಿಗಾಗಿ ಕಾದ ಕೊಡಗಳ ಸದ್ದು ಗೊತ್ತಿದೆ.

ಮೂರನೇಸಾಲು (ಜಯನಗರ)

ನಾನು ಕಲಾವಿದೆಯಲ್ಲ, ಟಿಕೆಟ್ ಕೊಂಡು ನೋಡುವವಳು. ಒಂದು ಕಟು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬೇರೆಯವರ ಊರಿನ ಭಯವನ್ನು ನಾವು ತಂಪಾದ ಕೋಣೆಯಲ್ಲಿ ಕುಳಿತು ಅನುಭವಿಸಿ, ಹೊರಗೆ ಬಂದು ಕಾಫಿ ಕುಡಿಯುತ್ತಾ 'ತುಂಬಾ ಚೆನ್ನಾಗಿತ್ತು' ಎನ್ನುವುದರಲ್ಲಿ ನನಗೆ ಏನೋ ಹೊಲಸು ಕಾಣುತ್ತದೆ.

ಈ ಊರಿಗೂ ಯುದ್ಧಕ್ಕೂ ಸಂಬಂಧವಿಲ್ಲವೆಂದು ನೀವೆಲ್ಲ ಮೊದಲೇ ಒಪ್ಪಿಕೊಂಡಂತಿದೆ. ಬೆಂಗಳೂರು ಎಂಬ ಹೆಸರು ಸಿಗುವ ಹಳೆಯ ಶಾಸನವೇ ಬೇಗೂರಿನ ವೀರಗಲ್ಲು. ಸುಮಾರು 900ರ ಹೊತ್ತಿನ ಆ ಕಲ್ಲು ಹೇಳುವುದು 'ಬೆಂಗಳೂರ ಕಾಳಗ'ದಲ್ಲಿ ಸತ್ತವನ ಬಗ್ಗೆ. ವಿಮಾನ ಕಾರ್ಖಾನೆ ಇಲ್ಲಿ ಹುಟ್ಟಿದ್ದು 1940ರಲ್ಲಿ, ಯುದ್ಧದ ನಡುವೆ. 1943ರಿಂದ ಅಮೆರಿಕದ ವಾಯುಪಡೆ ಅಲ್ಲಿ ತನ್ನ ವಿಮಾನಗಳನ್ನು ದುರಸ್ತಿ ಮಾಡಿಸಿಕೊಂಡಿತು. ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರು. 1996ರಿಂದ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತಿದೆ, ಯುದ್ಧವಿಮಾನ ತಲೆಯ ಮೇಲೆ ಸೀಳಿಕೊಂಡು ಹೋದಾಗ ನಾವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೇಕೆ ಹಾಕುತ್ತೇವೆ. ಅದೇ ಸದ್ದಿಗೆ ಇನ್ನೊಂದು ಊರಿನಲ್ಲಿ ತಾಯಿ ಮಗುವನ್ನು ಮಂಚದ ಕೆಳಗೆ ತಳ್ಳುತ್ತಾಳೆ. ಸೈರನ್ ಕೇಳಿ ಫೋನು ತೆಗೆದವರು ದಡ್ಡರೇನಲ್ಲ, ಅವರ ಕಿವಿ ಹಾಗೆ ಬೆಳೆದಿದೆ. ಆ ಕಿವಿಯನ್ನೇ ನಿಮ್ಮ ವಸ್ತು ಮಾಡಿಕೊಂಡರೆ ನಾನು ಟಿಕೆಟ್ ಕೊಳ್ಳುತ್ತೇನೆ.

ಜಾಲಹಳ್ಳಿಯ ಹಳಬ

ಮೊಮ್ಮಗಳು ಈ ಚರ್ಚೆಯನ್ನು ಓದಿ ಹೇಳಿದಳು, ಅವಳ ಫೋನಿನಲ್ಲೇ ಬರೆಸುತ್ತಿದ್ದೇನೆ. ನಮ್ಮ ತಂದೆಯವರು ವಾಯುಪಡೆಯಲ್ಲಿದ್ದರು, 1971ರ ಡಿಸೆಂಬರಿನಲ್ಲಿ ನಾವು ಜೋಧಪುರದ ವಸತಿಗೃಹದಲ್ಲಿದ್ದೆವು. ನನಗೆ ಆಗ ಒಂಬತ್ತು ವರ್ಷ. ಕಿಟಕಿಗೆ ಕಪ್ಪು ಕಾಗದ, ಮನೆ ಮುಂದೆ ಇಂಗ್ಲಿಷಿನ 'ಎಲ್' ಅಕ್ಷರದಂತೆ ತೋಡಿದ ಕಂದಕ. ಡಿಸೆಂಬರ್ 3ರ ರಾತ್ರಿ ಸೈರನ್ ಆದಾಗ ಅಮ್ಮ ನನ್ನನ್ನೂ ತಂಗಿಯನ್ನೂ ಎಳೆದುಕೊಂಡು ಇಳಿದರು. ಪಕ್ಕದ ಮನೆಯ ಪಂಜಾಬಿ ಆಂಟಿ ಕಲಸಿಟ್ಟ ಚಪಾತಿ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡೇ ಬಂದಿದ್ದರು, ಬಿಟ್ಟು ಬಂದರೆ ಬೆಕ್ಕು ತಿನ್ನುತ್ತದೆಂದು. ಆ ಕತ್ತಲಲ್ಲಿ ನನಗೆ ನೆನಪಿರುವುದು ಹಿಟ್ಟಿನ ವಾಸನೆ ಮತ್ತು ಯಾರದೋ ಬಳೆ ಇನ್ನೊಬ್ಬರ ಬಳೆಗೆ ತಾಗುತ್ತಿದ್ದ ಸದ್ದು. ಯಾರೂ ಕಿರುಚಲಿಲ್ಲ. ಬೆಳಕು ಕಂಡ ಮೇಲೆ ಸದ್ದು ಬರುವವರೆಗೆ ಎಣಿಸು, ಮೂರು ಎಣಿಸಿದರೆ ಒಂದು ಕಿಲೋಮೀಟರ್ ಎಂದು ತಂದೆ ಹೇಳಿಕೊಟ್ಟಿದ್ದರು. ನಾವು ಮಕ್ಕಳೆಲ್ಲ ನಮ್ಮ ನಮ್ಮ ಭಾಷೆಯಲ್ಲಿ ಪಿಸುಗುಟ್ಟಿ ಎಣಿಸುತ್ತಿದ್ದೆವು.

ಸೈರನ್ ಬೇಡವೆನ್ನುವವರಿಗೆ ನನ್ನದೊಂದು ತಕರಾರು. ಶಬ್ದಸಂಚಿಯವರು ಹೇಳಿದ ಎರಡನೆಯ ಕೂಗು, ಒಂದೇ ಸಮನೆ ಎಳೆಯುವುದು, ಅದನ್ನು ಇಟ್ಟುಕೊಳ್ಳಿ. ಅಪಾಯದ ಕೂಗಿನಲ್ಲಿ ಅಮ್ಮನ ಕೈಕಾಲು ಚುರುಕಾಗಿದ್ದವು. ಎಲ್ಲ ಮುಗಿಯಿತೆಂಬ ಕೂಗು ಬಂದಾಗ ಅವರಿಗೆ ಕಂದಕದಿಂದ ಮೇಲೇಳಲು ಆಗಲಿಲ್ಲ. ಮೊಣಕಾಲು ನಡುಗುತ್ತಿತ್ತು, ಅಳು ಬಂದಿತ್ತು. ಆ ಹಿಟ್ಟಿನ ಗಂಟನ್ನು ತಂಗಿಯ ಕೈಗೆ ಕೊಟ್ಟು ಪಂಜಾಬಿ ಆಂಟಿಯೇ ಅಮ್ಮನನ್ನು ಹಿಡಿದು ಎತ್ತಿದರು. ಆ ರಾತ್ರಿ ಚಪಾತಿಯನ್ನು ಎರಡೂ ಮನೆಯವರು ಒಟ್ಟಿಗೆ ತಿಂದೆವು.

ಓದುಗ_ನರ್ತಕ (ಇಂದಿರಾನಗರ)

ಚುಟುಕಾಗಿ ಎರಡು ಮಾತು. ಅಮೆರಿಕದ ನರ್ತಕಿ ಮಾರ್ಥಾ ಗ್ರಹಾಂ ಬರ್ಲಿನ್ ಒಲಿಂಪಿಕ್ಸಿಗೆ ಬಂದ ಆಹ್ವಾನವನ್ನು ತಿರಸ್ಕರಿಸಿದ 1936ರಲ್ಲೇ 'ಕ್ರಾನಿಕಲ್' ಮಾಡಿದರು. ಅದರ 'ಬೀದಿಯ ಹೆಜ್ಜೆಗಳು' ಎಂಬ ಭಾಗದಲ್ಲಿ ಹೆಂಗಸರು ಸಂಗೀತವಿಲ್ಲದೆ, ಹಿಂದಕ್ಕೆ ನಡೆಯುತ್ತಾ ರಂಗಕ್ಕೆ ಬರುತ್ತಾರೆ. ಗುಂಪಿನ ಸ್ತಂಭ ಹೇಗಿದ್ದೀತೆಂದು ಕೇಳಿದ ಚೆಂಡೆಪೆಟ್ಟು ಅವರು ಆ ದೃಶ್ಯವನ್ನು ಒಮ್ಮೆ ನೋಡಬೇಕು.

ಬಾಂಬಿನ ನಿಜವಾದ ಸದ್ದು ಬೇಕೇ ಬೇಕೆನ್ನುವವರು 2006ರ ಜುಲೈನಲ್ಲಿ ಬೈರೂತಿನ ತನ್ನ ಮನೆಯ ಬಾಲ್ಕನಿಯಲ್ಲಿ ನಿಂತು ಮಾಜೆನ್ ಕೆರ್ಬಾಜ್ ಟ್ರಂಪೆಟ್ ಊದಿ ಮುದ್ರಿಸಿಕೊಂಡದ್ದನ್ನು ಕೇಳಿ. ಊರಿನ ಮೇಲೆ ಬಾಂಬು ಬೀಳುತ್ತಿರುತ್ತದೆ, ಅವರು ಉಸಿರು ಮತ್ತು ಲೋಹದ ಗೊರಗೊರದಷ್ಟು ಸಣ್ಣ ಸದ್ದನ್ನಷ್ಟೇ ಮಾಡುತ್ತಾರೆ. ಸ್ಫೋಟವಾದ ಮೇಲೆ ಕಾರುಗಳ ಎಚ್ಚರಿಕೆಯ ಗಂಟೆಗಳು ಬಡಿದುಕೊಳ್ಳುತ್ತವೆ. ಅಲ್ಲಿ ಆ ಸದ್ದಿಗೆ ಹಕ್ಕಿದೆ, ಏಕೆಂದರೆ ಊದುವವನು ಅದರ ಕೆಳಗೇ ನಿಂತಿದ್ದಾನೆ.

ನೆಲಮಾಳಿಗೆ (ರಾಜಾಜಿನಗರ)

ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ನಾನು ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದೆ, 2022ರ ಮಾರ್ಚಿನಲ್ಲಿ ಮರಳಿ ಬಂದೆ. ನೆಲಮಾಳಿಗೆಯಲ್ಲಿ ನಾವು ಕನ್ನಡದವರೇ ಹತ್ತು ಹನ್ನೆರಡು ಜನ ಇದ್ದೆವು. ಮೂರನೆಯ ದಿನಕ್ಕೆ ಸೈರನ್ನಿಗೆ ಯಾರೂ ಏಳುತ್ತಿರಲಿಲ್ಲ, ಅದು ನಡೆಯುತ್ತಿರುವಾಗಲೇ ನಿದ್ದೆ ಹೋಗುತ್ತಿದ್ದೆವು. ನಮಗೆ ಎಚ್ಚರವಾಗುತ್ತಿದ್ದುದು ಸದ್ದು ನಿಂತಾಗ. ಫೋನಿನ ಬ್ಯಾಟರಿ ಎಷ್ಟು ಉಳಿದಿದೆ, ಬಿಸ್ಕತ್ತಿನ ಪೊಟ್ಟಣ ಎಷ್ಟಿದೆ ಎಂದು ಎಣಿಸುವುದರಲ್ಲೇ ಹಗಲು ಮುಗಿಯುತ್ತಿತ್ತು. ಒಮ್ಮೆ ನನ್ನ ಪಾಲಿನ ಎರಡು ಬಿಸ್ಕತ್ತನ್ನು ಯಾರಿಗೂ ಹೇಳದೆ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದೆ. ಹೆಜ್ಜೆಗುರುತು ಅವರೇ, ಭಯ ಜನರನ್ನು ಹತ್ತಿರ ತರುತ್ತದೆ ಎಂದಷ್ಟೇ ತೋರಿಸಿದರೆ ಅದು ಅರ್ಧ ಸುಳ್ಳು.

ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಹೊರಗೆ, ಸಾಮಾನಿಗಾಗಿ ಸಾಲಿನಲ್ಲಿ ನಿಂತಾಗ. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಪ್ರಾಣ ಕಳೆದುಕೊಂಡದ್ದು ಆಹಾರಕ್ಕಾಗಿ ಹೊರಗೆ ಹೋಗಿ ಸಾಲಿನಲ್ಲಿದ್ದಾಗ. ಸಾಲು ಬಿಟ್ಟು ಓಡಿದರೆ ಊಟವಿಲ್ಲ, ನಿಂತರೆ ಆಕಾಶ ತೆರೆದಿದೆ. ಹಿಂದಿನವರ ಉಸಿರು ಕತ್ತಿಗೆ ತಾಗುತ್ತಿರುತ್ತದೆ, ಮುಂದಿನವರು ಒಂದು ಹೆಜ್ಜೆ ಸರಿದರೆ ನಾವೂ ಸರಿಯುತ್ತೇವೆ, ಎಲ್ಲೋ ಸದ್ದಾದರೆ ಇಡೀ ಸಾಲು ಒಟ್ಟಿಗೆ ತಲೆ ತಗ್ಗಿಸಿ ಮತ್ತೆ ನೆಟ್ಟಗಾಗುತ್ತದೆ, ಯಾರೂ ಜಾಗ ಬಿಡುವುದಿಲ್ಲ. ನಾನು ನೃತ್ಯ ಕಲಿತವಳಲ್ಲ, ಆದರೆ ಅದಕ್ಕಿಂತ ಒಗ್ಗಟ್ಟಾಗಿ ಮೈಗಳು ಅಲುಗಿದ್ದನ್ನು ಎಲ್ಲೂ ಕಂಡಿಲ್ಲ.

ಬಂದ ಮೇಲೆ ಒಂದು ಸಂಜೆ ಇಲ್ಲೇ ನಮ್ಮ ಬೀದಿಯಲ್ಲಿ ಅಂಗಡಿಯೊಂದರ ಷಟರು ಎಳೆದ ಸದ್ದಿಗೆ ಫುಟ್‌ಪಾತಿನ ಮೇಲೆ ಕುಳಿತುಬಿಟ್ಟೆ. ಜೊತೆಗಿದ್ದ ಗೆಳತಿಯರು ನಕ್ಕರು. ಸೊಪ್ಪು ಮಾರುತ್ತಿದ್ದ ಅಮ್ಮ ಏನನ್ನೂ ಕೇಳದೆ, ನೀರು ಚಿಮುಕಿಸುತ್ತಿದ್ದ ಒದ್ದೆ ಕೈಯನ್ನೇ ನನ್ನ ಹೆಗಲ ಮೇಲಿಟ್ಟು ಒತ್ತಿ ಹಿಡಿದುಕೊಂಡರು.

ಓದುಗ_ನರ್ತಕ (ಇಂದಿರಾನಗರ)

ನೆಲಮಾಳಿಗೆ ಅವರು ಬರೆದದ್ದನ್ನು ಓದಿ ಬೋಸ್ನಿಯಾದ ಸರಾಯೆವೊ ನೆನಪಾಯಿತು. 1992ರ ಮೇ 27ರಂದು ಬ್ರೆಡ್ಡಿಗಾಗಿ ನಿಂತ ಸಾಲಿನ ಮೇಲೆ ಶೆಲ್ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ವೆದ್ರಾನ್ ಸ್ಮೈಲೊವಿಚ್ ಎಂಬ ಚೆಲ್ಲೋ ವಾದಕ ಅದೇ ಜಾಗಕ್ಕೆ ಬಂದು ಬಯಲಿನಲ್ಲಿ ಕುಳಿತು ನುಡಿಸಿದರು. ಲೋಕಕ್ಕೆ ಉಳಿದದ್ದು ಆ ಚೆಲ್ಲೋದ ಚಿತ್ರ. ಸಾಲನ್ನು ಯಾರೂ ಕುಣಿದಂತಿಲ್ಲ.

ಹೆಜ್ಜೆಗುರುತು (ಬಸವನಗುಡಿ)

ನಿನ್ನೆ ಭಾನುವಾರ ತಾಲೀಮು ಮುಗಿಸಿ ಬರೆಯುತ್ತಿದ್ದೇನೆ. ಏಳನೆಯ ನಿಮಿಷದ ಸೈರನ್ ತೆಗೆದೆವು. ನೋಡುಗರಿಗೆ ಕುರ್ಚಿ ಇಡಲಿಲ್ಲ. ಬಾಗಿಲಿನಿಂದಲೇ ಸಾಲಿನಲ್ಲಿ ನಿಲ್ಲಿಸಿದೆವು, ಆರು ನರ್ತಕರು ಅವರ ನಡುನಡುವೆ ಸೇರಿಕೊಂಡರು. ಸಾಲಿನ ತುದಿಗೆ ಒಂದು ಹಿತ್ತಾಳೆಯ ಕೊಡ, ಒಂದು ಲೋಟ. ಘಟದ ಬಡಿತ ಚುರುಕಾದಾಗ ನರ್ತಕರು ತಲೆ ತಗ್ಗಿಸಿದರು, ಎರಡನೆಯ ಸಲಕ್ಕೆ ಅಕ್ಕಪಕ್ಕದವರೂ ತಗ್ಗಿಸಿದರು, ಐದನೆಯ ಸಲಕ್ಕೆ ಹೇಳಿಕೊಡದೆಯೇ ಎಲ್ಲರೂ. ನೀರು ಎಲ್ಲರಿಗೂ ಸಾಲದಷ್ಟೇ ಇಟ್ಟಿದ್ದೆವು. ಕೊನೆಯಲ್ಲಿದ್ದ ಇಬ್ಬರಿಗೆ ಸಿಗಲಿಲ್ಲ, ಅವರಲ್ಲೊಬ್ಬರು ನಿಜವಾಗಿಯೇ ಕೋಪಗೊಂಡು ಮುಂದಿನವರನ್ನು ದೂರಿದರು. ನೆಲಮಾಳಿಗೆ ಅವರೇ, ನಿಮ್ಮ ಬಿಸ್ಕತ್ತಿನ ಮಾತು ನನಗೆ ಅರ್ಥವಾದದ್ದು ಆ ಗಳಿಗೆಯಲ್ಲಿ.

ಎಲ್ಲವೂ ಕೂಡಿಬರಲಿಲ್ಲ. ನಡುವೆ ಹದಿನೈದು ನಿಮಿಷ ಬರೀ ಕಾಯುವುದೇ ಆಯಿತು, ಒಬ್ಬ ಹುಡುಗ ಬೇಸತ್ತು ಗೋಡೆಗೊರಗಿ ಕುಳಿತ. ಬೇಸರವೂ ಕಾಯುವುದರ ಭಾಗವೇ ಎಂದು ನಮ್ಮಲ್ಲಿ ಇಬ್ಬರು ವಾದಿಸುತ್ತಾರೆ, ನನಗೆ ಅದು ಸೋಮಾರಿತನದ ಸಮರ್ಥನೆಯಂತೆ ಕೇಳಿಸುತ್ತದೆ. ಫ್ಯಾನಿನ ಸದ್ದು ಘಟವನ್ನು ನುಂಗುತ್ತಿತ್ತು, ಆರಿಸಿದರೆ ಸೆಖೆ. ಮೂರನೇಸಾಲು ಅವರು ಹೇಳಿದ ವಿಮಾನದ ಕಿವಿಗೆ ಇನ್ನೂ ದಾರಿ ಹುಡುಕಿಲ್ಲ, ಅದು ಇದೇ ಪ್ರಯೋಗದಲ್ಲಿ ಸೇರುವಂಥದ್ದೋ ಅಥವಾ ಇನ್ನೊಂದನ್ನೇ ಕಟ್ಟಬೇಕೋ ತಿಳಿಯುತ್ತಿಲ್ಲ.

ಕೊನೆಗೆ ಅಪಾಯ ಕಳೆದ ಕೂಗನ್ನು, ಬೀದಿಯ ಕಡೆಯ ಕಿಟಕಿಯ ಹೊರಗೆ ಸ್ಪೀಕರು ಇಟ್ಟು, ತಗ್ಗಿಸಿದ ಸದ್ದಿನಲ್ಲಿ ಎರಡು ನಿಮಿಷ ಕೇಳಿಸಿದೆವು. ಸಾಲು ಚದುರಬಹುದಿತ್ತು, ಯಾರೂ ಕದಲಲಿಲ್ಲ. ಕೂಗು ನಿಂತ ಮೇಲೂ ಸುಮಾರು ಹೊತ್ತು ಹಾಗೇ ನಿಂತಿದ್ದರು. ಜಾಲಹಳ್ಳಿಯ ಹಿರಿಯರು ಮುಂದಿನ ಭಾನುವಾರ ಸಂಜೆ 5 ಗಂಟೆಗೆ ಮೊಮ್ಮಗಳೊಂದಿಗೆ ಬರುವುದಾಗಿ ಒಪ್ಪಿದ್ದಾರೆ. ಮೆಟ್ಟಿಲು ಕಡಿದಾಗಿದೆ, ಸರ್, ನಾನು ಕೆಳಗೇ ಕಾಯುತ್ತಿರುತ್ತೇನೆ. ನಿಮಗೊಂದು ಕುರ್ಚಿ ಇಡುತ್ತೇವೆ, ಆದರೆ ಅದು ಸಾಲಿನಲ್ಲೇ ಇರುತ್ತದೆ.